ದಾರಿ ಬಿಟ್ಟ ಹಾಡು

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಓದಿ ಮಾತಾಡಿಕೊಂಡೆವು. ಕ್ಯಾರೆಟ್ ಕಿತ್ತು ಮೂಟೆ ಕಟ್ಟಿ ಲಾರಿಗೆ ಹಾಕಿ ಕೈಕಾಲು ತೊಳೆದು ಬಂದ ನಾಲ್ಕೈದು ಜನ ರೈತರು, ಇಬ್ಬರು ಮೇಷ್ಟ್ರು, ಒಬ್ಬರು ಟೀಚರಮ್ಮ. ಮೇಷ್ಟ್ರೊಬ್ಬರು ಹೇಳಿದರು: ‘ಇದು ಒಂಟಿತನದ ಕಥೆ. ಅಷ್ಟು ದೊಡ್ಡ ಕಾಡು, ಅದರ ನಡುವೆ ಎರಡೇ ಎರಡು ಮುದಿ ಜೀವ.’ ಎಲ್ಲರೂ ಹೌದು ಹೌದು ಅಂದರು. ನನಗೆ ಹೌದು ಅನ್ನಿಸಲಿಲ್ಲ. ಯಾಕೆ ಅಂತ ಆವತ್ತು ಹೇಳಲಿಕ್ಕೆ ಬಾಯಿ ಬರಲಿಲ್ಲ. ಬರೆದುಕೊಡಿ ಅಂದರು, ಆಯಿತು ಅಂದೆ. ಒಪ್ಪಿಕೊಂಡದ್ದು ಸುಲಭ, ಬರೆಯೋದು ಸುಲಭ ಅಲ್ಲ ಅಂತ ಈಗ ಗೊತ್ತಾಗ್ತಾ ಇದೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ ಏಳನೇ ಕ್ಲಾಸು. ಕನ್ನಡ ಅಕ್ಷರ ಹೆತ್ತಪ್ಪನಿಂದ ಕಲಿತದ್ದು. ಅವರ ಕಾಲಕ್ಕೆ ಇಲ್ಲಿಯ ಮಿಷನ್ ಶಾಲೆಯಲ್ಲಿ ಕನ್ನಡ ಹೇಳಿಕೊಡ್ತಿದ್ದರು. ಹಾಗಾಗಿ ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಿಕೊಳ್ಳಲಿ.

ಅದೇ ತಿಂಗಳು ಇನ್ನೊಂದು ಸಂಗತಿ ಆಯಿತು. ನನ್ನ ತಂಗಿಯ ಮೊಮ್ಮಗ ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಜಕ್ಕೆ ಬಂದವನು ಮೊಬೈಲು ಮುಂದಿಟ್ಟು, ‘ಹೆತ್ತಪ್ಪ, ವಲಸೆ ಹಾಡು ಹಾಡಿ, ರೆಕಾರ್ಡ್ ಮಾಡ್ಕೋತೀನಿ’ ಅಂದ. ನಮ್ಮ ಹಿರಿಯರು ಮೈಸೂರು ಸೀಮೆ ಬಿಟ್ಟು, ಮೋಯಾರ್ ಹೊಳೆ ದಾಟಿ, ನಾಕುಬೆಟ್ಟ ಹತ್ತಿ ಬಂದ ಕಥೆ ಅದು. ಸಂತೋಷದಿಂದ ಶುರು ಮಾಡಿದೆ. ಹತ್ತು ನಿಮಿಷ ಆಗಿರಬೇಕು, ಹುಡುಗ ಕೈ ಎತ್ತಿದ. ‘ಹೆತ್ತಪ್ಪ, ಈ ಊರು ಹೆಸರುಗಳ ಲಿಸ್ಟು ಬೇಡ. ಕಥೆ ಹೇಳಿ. ಅವರು ಹೊರಟರು, ಬಂದು ಸೇರಿದರು, ಅಷ್ಟು ಸಾಕು. ನಡುವೆ ನಡೆದದ್ದು ಯಾರೂ ಕೇಳಲ್ಲ.’

ನನಗೆ ಸಿಟ್ಟು ಬಂತು. ಆದರೆ ಹುಡುಗನ ಮೇಲೆ ಪೂರ್ತಿ ಸಿಟ್ಟು ಮಾಡುವ ಹಕ್ಕು ನನಗಿಲ್ಲ, ಅದು ಯಾಕೆ ಅಂತ ಮುಂದೆ ಹೇಳ್ತೇನೆ. ಈ ಎರಡು ಸಂಗತಿ, ಕಾರಂತರ ಪುಸ್ತಕ ಮತ್ತು ನಮ್ಮ ಹಾಡು, ನನ್ನ ತಲೆಯೊಳಗೆ ಒಂದಕ್ಕೊಂದು ಗಂಟು ಬಿದ್ದವು. ಎರಡೂ ಒಂದೇ ಪ್ರಶ್ನೆ ಕೇಳ್ತವೆ: ನೆಲ ದೊಡ್ಡದು, ಜನ ಕಮ್ಮಿ ಇದ್ದಾಗ ಮನುಷ್ಯ ಹೇಗೆ ಬದುಕ್ತಾನೆ, ಅದನ್ನ ಹೇಗೆ ಹೇಳಬೇಕು?

ಮೊದಲು ಪುಸ್ತಕ. ‘ಬೆಟ್ಟದ ಜೀವ’ ಬಂದದ್ದು 1943ರಲ್ಲಿ. ಸುಬ್ರಹ್ಮಣ್ಯದ ಆಚೆ ಕಾಡಿನಲ್ಲಿ ಒಬ್ಬ ಪಟ್ಟಣದ ಕಡೆಯವನು ದಾರಿ ತಪ್ಪುತ್ತಾನೆ. ಕತ್ತಲಾಗ್ತಾ ಇದೆ. ದೇರಣ್ಣ, ಬಟ್ಯ ಅಂತ ಇಬ್ಬರು ಸಿಕ್ಕಿ ಅವನನ್ನ ಕೆಳಬೈಲಿನ ಗೋಪಾಲಯ್ಯನ ಮನೆಗೆ ಮುಟ್ಟಿಸ್ತಾರೆ. ಗೋಪಾಲಯ್ಯ, ಶಂಕರಮ್ಮ ಇಬ್ಬರೇ ಇರುವ ಮನೆ. ಮಗ ಶಂಭು ಮನೆ ಬಿಟ್ಟು ಹೋದವನು ವಾಪಸು ಬಂದಿಲ್ಲ. ಬಂದ ಅತಿಥಿಯನ್ನ ಇವತ್ತು ಬೇಡ ನಾಳೆ ಹೋಗಿ, ನಾಳೆ ಬೇಡ ನಾಡಿದ್ದು ಹೋಗಿ ಅಂತ ನಿಲ್ಲಿಸಿಕೊಳ್ತಾರೆ. ಕಾಟುಮೂಲೆಯಲ್ಲಿ ಗೋಪಾಲಯ್ಯ ಕಾಡು ಕಡಿದು ಎಬ್ಬಿಸಿದ ತೋಟ ಇದೆ. ಅಲ್ಲಿ ಮಗನ ಜಾಗದಲ್ಲಿ ನಿಂತಂತೆ ನಾರಾಯಣ ಇದ್ದಾನೆ. ಇಷ್ಟೇ ಕಥೆ. ಕೊಲೆ ಇಲ್ಲ, ದೊಡ್ಡ ಜಗಳ ಇಲ್ಲ. ಆದರೂ ಬಿಡದೆ ಓದಿದೆ.

ಮೇಷ್ಟ್ರು ಒಂಟಿತನ ಅಂದರಲ್ಲ, ಅದು ಪಟ್ಟಣದ ಮಾತು. ಪಟ್ಟಣದಲ್ಲಿ ಪಕ್ಕದ ಮನೆಯವನ ಹೆಸರು ಗೊತ್ತಿರೋದಿಲ್ಲ, ಅದು ಒಂಟಿತನ. ಜನ ಕಮ್ಮಿ ಇರುವ ಕಡೆ ನೋಡಿ, ಒಬ್ಬೊಬ್ಬ ಮನುಷ್ಯನ ತೂಕ ಜಾಸ್ತಿ ಆಗ್ತದೆ. ಗೋಪಾಲಯ್ಯನ ಮನೆಗೆ ಒಬ್ಬ ಬಂದರೆ ಅದು ಹಬ್ಬ. ಬಿಸಿನೀರು, ಊಟ, ಮುಗಿಯದ ಮಾತು. ಅದನ್ನ ಓದಿದವರು ‘ಎಂಥ ಅತಿಥಿ ಸತ್ಕಾರ, ಎಂಥ ದೊಡ್ಡ ಮನಸ್ಸು’ ಅಂತಾರೆ. ದೊಡ್ಡ ಮನಸ್ಸು ಇದ್ದೇ ಇದೆ. ಅದರ ಜೊತೆಗೆ ಹಸಿವೂ ಇದೆ. ಗೋಪಾಲಯ್ಯ ಹೊಟ್ಟೆ ತುಂಬ ಊಟ ಹಾಕ್ತಾನೆ, ಬದಲಿಗೆ ಕಿವಿ ಕೇಳ್ತಾನೆ. ಇಷ್ಟು ವರ್ಷದ ಮಾತು ಒಳಗೆ ಕೂಡಿಟ್ಟುಕೊಂಡಿದ್ದಾನೆ, ಕೇಳುವವನು ಬೇಕು. ನಮ್ಮ ಹಟ್ಟಿಗಳಲ್ಲೂ ಮೊದಲು ಹೀಗೇ ಇತ್ತು. ಮಂಜು ಕವಿದ ಸಂಜೆ ಯಾರಾದರೂ ದಾರಿಹೋಕ ಬಂದರೆ ಊಟಕ್ಕೆ ಮೊದಲು ಸುದ್ದಿ ಕೇಳ್ತಿದ್ದರು ಅಂತ ನಮ್ಮ ಅವ್ವೆ ಹೇಳ್ತಿದ್ದರು. ಯಾವ ಹಟ್ಟಿಯಲ್ಲಿ ಸಾವು, ಎಲ್ಲಿ ಎಮ್ಮೆ ಈಯಿತು, ಎಲ್ಲಿ ಹೆಣ್ಣು ಕೊಟ್ಟರು. ಸುದ್ದಿ ಇಲ್ಲದೆ ಬಂದವನಿಗೆ ಸಾರು ತೆಳು ಅಂತ ತಮಾಷೆ ಮಾಡ್ತಿದ್ದರಂತೆ.

ಕಾರಂತರು ಇದನ್ನ ಬಲ್ಲವರು. ಗೋಪಾಲಯ್ಯ ನಗ್ತಾ ನಗ್ತಾ ಮಾತಾಡುವಾಗ ಅದರ ಕೆಳಗೆ ಶಂಭುವಿನ ಸಂಗತಿ ಓಡ್ತಾ ಇರ್ತದೆ, ಹುಲ್ಲಿನ ಕೆಳಗೆ ಊಟೆ ನೀರು ಓಡಿದ ಹಾಗೆ. ಶಂಕರಮ್ಮ ಅಷ್ಟು ಮಾತಾಡೋದಿಲ್ಲ. ಆ ಮನೆಯಲ್ಲಿ ಅವರಿಬ್ಬರೂ ಮಗನ ಹೆಸರು ಎತ್ತಬಾರದು ಅಂತ ಒಬ್ಬರಿಗೊಬ್ಬರು ಕಾಯ್ತಾ ಇರುವ ರೀತಿ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ನಮ್ಮ ಹಟ್ಟಿಯಲ್ಲೇ ಅಂಥ ಮನೆ ಮೂರಿವೆ.

ಆದರೆ ಆ ಪುಸ್ತಕದ ಬಗ್ಗೆ ನನ್ನದೊಂದು ತಕರಾರು ಇದೆ. ಕಥೆ ಹೇಳುವವನು ದಾರಿ ತಪ್ಪಿದವನು. ಅವನಿಗೆ ಕಾಡು ಅಂದರೆ ಎಲ್ಲ ಒಂದೇ ಕಾಡು. ಕತ್ತಲು, ದಿಗಿಲು, ಆಮೇಲೆ ಬೆಳಕು ಹರಿದಾಗ ಆಹಾ ಎಷ್ಟು ಚೆಂದ. ದೇರಣ್ಣ, ಬಟ್ಯ ಅದೇ ಕತ್ತಲಲ್ಲಿ ಸಲೀಸಾಗಿ ನಡೆದುಬಿಟ್ಟರು. ಅವರಿಗೆ ಅಲ್ಲಿ ಒಂದೊಂದು ಬಂಡೆಗೂ ತಿರುವಿಗೂ ಗುರುತಿದೆ. ಆ ದಾರಿಯನ್ನ ದೇರಣ್ಣ ಹೇಳಿದ್ದರೆ? ಬೇರೆಯದೇ ಪುಸ್ತಕ ಆಗ್ತಿತ್ತು. ಕಾಡು ದೊಡ್ಡದು ಅಂತ ಅವನಿಗೆ ಅನ್ನಿಸುತ್ತಲೇ ಇರಲಿಲ್ಲವೇನೋ. ನೆಲ ವಿಶಾಲ, ಬರಿದು ಅಂತೆಲ್ಲ ಅನ್ನಿಸೋದು ಹೆಸರು ಗೊತ್ತಿಲ್ಲದವನಿಗೆ. ಹೆಸರು ಗೊತ್ತಿದ್ದವನಿಗೆ ಅದು ತುಂಬಿದ ಮನೆ. ಕಾರಂತರಂಥ ಕಾರಂತರೇ ದಾರಿ ತಪ್ಪಿದವನ ಕಣ್ಣಿಂದ ನೋಡಿದರು ಅಂದಮೇಲೆ ಮಿಕ್ಕವರನ್ನ ಏನು ಹೇಳೋದು?

(ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದ್ದು. ಅದು ಈ ತಕರಾರಿಗೆ ಉತ್ತರದ ಹಾಗಿದೆ. ಅಲ್ಲಿ ನಾಯಿಗುತ್ತಿ ತನ್ನ ಹುಲಿಯನನ್ನ ಕರೆದುಕೊಂಡು ಮನೆಯಿಂದ ಮನೆಗೆ ನಡೀತಾನೆ, ನಾವು ಅವನ ಹಿಂದೆ ನಡೀತೇವೆ. ದಾರಿ ಬಲ್ಲವನ ಜೊತೆಗಿನ ನಡಿಗೆ ಅದು. ಕೊನೆಗೆ ತುಂಗೆಯ ಪ್ರವಾಹದಲ್ಲಿ ಹುಲಿಯ ಹೋದಾಗ ನಮ್ಮ ಮನೆ ನಾಯಿ ಹೋದಷ್ಟೇ ಸಂಕಟ ಆಯಿತು. ಅದರಲ್ಲಿ ಬರುವ ಹುಲಿಕಲ್ಲು ನೆತ್ತಿ ಓದಿದಾಗ ನಮ್ಮ ಕೂನೂರಿನ ಹುಲಿಕಲ್ಲು ನೆನಪಾಗಿ ಖುಷಿಯಾಯಿತು. ಆದರೆ ಪುಸ್ತಕ ಬಹಳ ದಪ್ಪ, ಕಾಡಿನ ವರ್ಣನೆಯಲ್ಲಿ ದೊಡ್ಡ ದೊಡ್ಡ ಸಂಸ್ಕೃತ ಮಾತು ಬಂದ ಕಡೆ ನಾನು ಪುಟ ಹಾರಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ.)

ಈಗ ನಮ್ಮ ಬೆಟ್ಟದ ಬಗ್ಗೆ ಬೇರೆಯವರು ಬರೆದದ್ದಕ್ಕೆ ಬರೋಣ. ಊಟಿಗೆ ಬರುವವರ ಕೈಯಲ್ಲಿರುವ ಪುಸ್ತಕಗಳಲ್ಲಿ ಕಥೆ ಶುರುವಾಗೋದೇ 1819ರಿಂದ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ, ಸ್ವಿಟ್ಜರ್‌ಲ್ಯಾಂಡಿನಂಥ ನೆಲ ಕಂಡ, ಊಟಿ ಕಟ್ಟಿದ. ನಮ್ಮ ಕೆತ್ತಿ ಕಣಿವೆಗೂ ಅದೇ ಸ್ವಿಟ್ಜರ್‌ಲ್ಯಾಂಡಿನ ಹೆಸರು ಅಂಟಿಸಿದ್ದಾರೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರು ನಮ್ಮ ಹಟ್ಟಿಗಳನ್ನ ನೋಡಿ ಹಾಗಂತಾರೆ. ನಾನು ಸ್ವಿಟ್ಜರ್‌ಲ್ಯಾಂಡ್ ನೋಡಿಲ್ಲ. ಅಲ್ಲಿ ಬೆಳ್ಳುಳ್ಳಿಗೆ ರೇಟು ಸಿಕ್ತದೋ ಏನೋ.

ಆ ಪುಸ್ತಕಗಳ ಪ್ರಕಾರ ಸಲ್ಲಿವನ್ ಬರುವ ಮೊದಲು ಇಲ್ಲಿ ‘ಯಾರೂ ಅರಿಯದ’ ಹುಲ್ಲುಗಾವಲು, ಅಲ್ಲಲ್ಲಿ ನಾಲ್ಕು ಜನ ಬುಡಕಟ್ಟಿನವರು. ‘ಯಾರೂ ಅರಿಯದ’ ಅಂದರೆ ಏನರ್ಥ? 1603ರಲ್ಲೇ ಮಲಯಾಳದ ಕಡೆಯಿಂದ ಫೆನಿಸಿಯೋ ಅಂತ ಒಬ್ಬ ಪಾದ್ರಿ ಬೆಟ್ಟ ಹತ್ತಿ ಬಂದು ತೋಡರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಅಂದರೆ ಸಲ್ಲಿವನ್‌ಗಿಂತ ಇನ್ನೂರು ವರ್ಷಕ್ಕೂ ಹಿಂದೆ ಇಲ್ಲಿ ನಮ್ಮ ಹಟ್ಟಿ ಇದ್ದವು, ತೋಡರ ಮಂದು ಇದ್ದವು, ಕೋತರ ಊರು ಇದ್ದವು, ಕೆಳಗಿನ ಇಳಿಜಾರಿನಲ್ಲಿ ಕುರುಂಬರೂ ಇರುಳರೂ ಇದ್ದರು. ಜನ ಕಮ್ಮಿ, ಅದು ನಿಜ. ಒಂದು ಹಟ್ಟಿಯಿಂದ ಇನ್ನೊಂದಕ್ಕೆ ನಡುವೆ ಬೆಟ್ಟದ ಏಣು, ಹಳ್ಳ, ಸೋಲೆ ಕಾಡು. ಆದರೆ ಕೋತರು ಗುಳ, ಮಡಕೆ ಕೊಟ್ಟು ವಾದ್ಯ ಊದುತ್ತಿದ್ದರು. ತೋಡರು ಬೆಣ್ಣೆ ತುಪ್ಪ ಕೊಡ್ತಿದ್ದರು. ನಾವು ರಾಗಿ, ಸಾಮೆ ಕೊಡ್ತಿದ್ದೆವು. ಜನ ಕಮ್ಮಿ ಇದ್ದಾಗ ಒಬ್ಬರಿಗೊಬ್ಬರು ಬೇಕೇ ಬೇಕು. ಯಾರೂ ಅರಿಯದ ಜಾಗದಲ್ಲಿ ಇಷ್ಟು ಕೊಡುಕೊಳ್ಳುವಿಕೆ ಎಲ್ಲಿಂದ ಬಂತು?

ಬರಿದು ಅಂತ ಕಂಡದ್ದಕ್ಕೆ ಒಂದು ಕಾರಣ ಇದೆ, ರೈತರಿಗೆ ಅದು ಬೇಗ ಅರ್ಥ ಆಗ್ತದೆ. ಆಗಿನ ನಮ್ಮ ಬೇಸಾಯ ಒಂದೇ ಕಡೆ ನಿಂತ ಬೇಸಾಯ ಅಲ್ಲ. ಹಟ್ಟಿಯ ಹತ್ತಿರದ ಹೊಲಕ್ಕೆ ಗೊಬ್ಬರ ಸಿಗ್ತದೆ, ವರ್ಷಾ ವರ್ಷಾ ಉಳಬಹುದು. ದೂರದ ಇಳಿಜಾರಿನ ಮಣ್ಣು ತೆಳು. ಎರಡು ಮೂರು ವರ್ಷ ಸಾಮೆ ಹಾಕಿ, ಆಮೇಲೆ ಅದನ್ನ ಹಲವು ವರ್ಷ ಸುಮ್ಮನೆ ಬಿಡಬೇಕು. ಸರಕಾರದ ಕಾಗದದಲ್ಲಿ ಇದಕ್ಕೆ ‘ಬುರ್ತಿ’ ಪದ್ಧತಿ ಅಂತಿದ್ದರು. ಉತ್ತ ನೆಲಕ್ಕೆ ಮಾತ್ರ ಕಂದಾಯ, ಬಿಟ್ಟ ನೆಲದ ಮೇಲೆ ಹಕ್ಕು ಹಾಗೇ ಇರ್ತಿತ್ತು. ಹೊರಗಿಂದ ಬಂದವನಿಗೆ ಬಿಟ್ಟ ನೆಲ ಅಂದರೆ ಯಾರದ್ದೂ ಅಲ್ಲದ ನೆಲ. 1860ರ ದಶಕದಲ್ಲಿ ಆ ಪದ್ಧತಿ ನಿಂತಿತು. ಬಂಜರು ಅಂತ ಬರೆದುಕೊಂಡ ನೆಲ ತೋಟದ ದೊರೆಗಳ ಕೈಗೆ ಹೋಗಲಿಕ್ಕೆ ದಾರಿಯಾಯಿತು. ಅಂದರೆ ಬಂಜರು ಅನ್ನೋದು ಮಣ್ಣಿನ ಗುಣ ಅಲ್ಲ, ಬರವಣಿಗೆ. ಕಾಗದದ ಮೇಲೆ ಯಾರೋ ಬರೆದ ಒಂದು ಮಾತು. ನಮ್ಮ ಕಡೆ ಪೊರಂಬೋಕು ಅಂತ ಇನ್ನೊಂದು ಮಾತು ಇದೆ, ಅದು ನೆಲಕ್ಕೂ ಆಗ್ತದೆ, ಕೆಲಸ ಇಲ್ಲದೆ ತಿರುಗುವ ಹುಡುಗನನ್ನ ಬೈಯಲಿಕ್ಕೂ ಆಗ್ತದೆ. ನೆಲಕ್ಕೆ ಬೈಗುಳ ಇಟ್ಟ ಮೇಲೆ ತೆಗೆದುಕೊಳ್ಳೋದು ಸುಲಭ.

ಸಲ್ಲಿವನ್‌ಗೆ ಅನ್ಯಾಯ ಮಾಡಬಾರದು. ಈ ನೆಲ ತೋಡರದ್ದು, ಅವರಿಗೆ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕು ಅಂತ ಮೇಲಿನವರ ಹತ್ತಿರ ವಾದ ಮಾಡಿದವನೂ ಅವನೇ. ಈಗಿನ ಗೈಡು ಪುಸ್ತಕ ಬರೆಯುವವರು ಅವನ ಕೆರೆ, ಅವನ ಕಲ್ಲುಮನೆ ಎಲ್ಲ ಬರೀತಾರೆ, ಆ ವಾದ ಮಾತ್ರ ಬರೆಯೋದಿಲ್ಲ. ಹಾಗೇ ನಮ್ಮ ಕೆತ್ತಿಯಲ್ಲಿ ಬಾಸೆಲ್ ಮಿಷನ್‌ನವರು 1846ರಲ್ಲಿ ನೆಲೆ ಮಾಡಿದ ಮೇಲೆ ಮೆಟ್ಸ್ ಅಂತ ಒಬ್ಬ ಪಾದ್ರಿ ಹಟ್ಟಿಯಿಂದ ಹಟ್ಟಿಗೆ ನಡೆದು ನಮ್ಮ ಮಾತು ಕಲಿತು ಈ ಬೆಟ್ಟದ ಜನಗಳ ಬಗ್ಗೆ ಒಂದು ಪುಸ್ತಕ ಬರೆದ. ನಮ್ಮ ದೇವರನ್ನ, ಪದ್ಧತಿಯನ್ನ ಅವನು ಒಪ್ಪಿದವನಲ್ಲ. ಆದರೂ ಅವನನ್ನ ಬೇರೆ ಲೆಕ್ಕಕ್ಕೆ ಹಾಕಬೇಕು. ಕುದುರೆ ಮೇಲೆ ಕೂತು ಏಣಿನಿಂದ ನೋಡಿ ಹೋದವರು ಬೆಟ್ಟದ ಚೆಂದ ಬರೆದರು. ಹಟ್ಟಿಯೊಳಗೆ ಕೂತವನು ಜನರನ್ನ ಬರೆದ. ನಡೆದರೆ ಅಷ್ಟಾದರೂ ಗುಣ ಬರ್ತದೆ.

ಹೆಸರಿನ ಮಾತಿಗೆ ಬರ್ತೇನೆ. ಈಗ ವೆಲ್ಲಿಂಗ್ಟನ್ ಅಂತೇವಲ್ಲ, ಮಿಲಿಟರಿಯವರ ಊರು, ಅದರ ಹೆಸರು ಜಕ್ಕತಲ್ಲ. ನಮ್ಮ ಪಕ್ಕದಲ್ಲೇ ಲವ್‌ಡೇಲ್. ಆಚೆ ಫರ್ನ್‌ಹಿಲ್, ಗ್ಲೆನ್‌ಮಾರ್ಗನ್. ಕುಂದಾ ಕಡೆ ಹೋದರೆ ಎಮರಾಲ್ಡ್, ಅವಲಾಂಚಿ. ಅಲ್ಲಿ ಕೆನಡಾ ದೇಶದ ಸಹಾಯದಿಂದ ಕಟ್ಟಿದ ಕುಂದಾ ವಿದ್ಯುತ್ ಯೋಜನೆಯ ಅಣೆಕಟ್ಟುಗಳ ನೀರು ನಿಂತಿದೆ. ಹುಲ್ಲು ಇದ್ದ ಕಡೆ ವಾಟಲ್ ಮರ, ನೀಲಗಿರಿ ಮರ. ಹೆಸರು ಹೋದ ಮೇಲೆ ಜಾಗ ಹೋಯಿತೋ, ಜಾಗ ಹೋದ ಮೇಲೆ ಹೆಸರು ಹೋಯಿತೋ, ಎರಡೂ ಆಗಿದೆ. ಹಳೇ ಹೆಸರು ಉಳಿದದ್ದು ಎಲ್ಲಿ ಅಂದರೆ ಹಾಡಿನಲ್ಲಿ.

ಹುಡುಗ ‘ಲಿಸ್ಟು’ ಅಂದನಲ್ಲ, ಅದು ಏನು ಅಂತ ಹಾಡುವವನಾಗಿ ಹೇಳ್ತೇನೆ. ನಾನು ಕಲಿತ ವಲಸೆ ಹಾಡಿನಲ್ಲಿ ಮೋಯಾರ್ ಹೊಳೆ, ಸೀಗೂರು, ಕಲ್ಲಟ್ಟಿ ಏರು, ಆಮೇಲೆ ಮೇಲಿನ ಹುಲ್ಲುನೆಲ ಅಂತ ಶುರುವಾಗಿ ಸಣ್ಣ ಪುಟ್ಟ ಹಳ್ಳ, ಬಂಡೆ, ಮರ ಎಲ್ಲ ಸೇರಿ ನಲವತ್ತರ ಹತ್ತಿರ ಹೆಸರು ಬರ್ತವೆ. ಒಂದೊಂದು ಹೆಸರಿಗೂ ಎರಡು ಮಾತು ಜೋಡಿಯಾಗಿ ಇರ್ತವೆ. ಒಂದು ಜಾಗದ ಗುರುತು, ಇನ್ನೊಂದು ಅಲ್ಲಿ ಏನಾಯಿತು ಅನ್ನೋದು. ಇಲ್ಲಿ ನೀರು ಬೇಸಿಗೆಯಲ್ಲೂ ಬತ್ತೋದಿಲ್ಲ. ಇಲ್ಲಿ ತಂಗಿ ಕಾಲು ನೋಯಿಸಿಕೊಂಡಳು. ಇಲ್ಲಿ ಮಂದಿನವರು ಮಜ್ಜಿಗೆ ಕೊಟ್ಟರು. ಇಲ್ಲಿ ಹುಲಿ ಹೆಜ್ಜೆ, ಬೇಗ ದಾಟಿ. ಹಾಡುವವನು ಒಂದು ಜಾಗ ಹೇಳಿ ನಿಲ್ಲಿಸ್ತಾನೆ, ಕೇಳುವವರು ಹೂಂ ಅಂತಾರೆ. ಅದು ಒಂದು ಹೆಜ್ಜೆ. ಹಾಡು ನಡಿಗೆಯ ವೇಗದಲ್ಲೇ ಹೋಗ್ತದೆ. ಚಳಿ ರಾತ್ರಿ ಕಂಬಳಿ ಹೊದ್ದು ಕೂತವರಿಗೆ ಅದು ಬೆಟ್ಟ ಹತ್ತಿದ ಹಾಗೇ ಆಯಾಸ, ಹತ್ತಿ ಮುಗಿಸಿದ ಹಾಗೇ ಸುಖ. ಹಟ್ಟಿ ಬಂತು ಅಂದ ಕೂಡಲೆ ಮುದುಕಿಯರು ಕಣ್ಣು ಒರೆಸಿಕೊಳ್ಳೋದು ಯಾಕೆ? ನಲವತ್ತು ಜಾಗ ನಡೆದು ಬಂದದ್ದಕ್ಕೆ. ‘ಹೊರಟರು, ಬಂದರು’ ಅಂದರೆ ಯಾರು ಅಳ್ತಾರೆ?

ಇದು ನಮ್ಮೊಬ್ಬರ ಗುಣ ಅಲ್ಲ. ಎಮಿನೋ ಅಂತ ಒಬ್ಬ ದೊಡ್ಡ ಭಾಷಾ ಪಂಡಿತ 1930ರ ದಶಕದಲ್ಲಿ ಇಲ್ಲೇ ಇದ್ದು ತೋಡರ ಹಾಡುಗಳನ್ನ ಬರೆದುಕೊಂಡರು, 1971ರಲ್ಲಿ ದೊಡ್ಡ ಪುಸ್ತಕವಾಗಿ ಬಂತು. ತೋಡರ ಹಾಡಿನಲ್ಲಿ ಪ್ರತಿ ಮಂದಿಗೂ, ಬೆಟ್ಟಕ್ಕೂ, ಮನುಷ್ಯನಿಗೂ ಹಾಡಿಗೆ ಅಂತಲೇ ಬೇರೆ ಹೆಸರಿದೆ, ಅವೂ ಜೋಡಿಯಾಗಿ ಬರ್ತವೆ ಅಂತ ಅವರು ತೋರಿಸಿದ್ದಾರೆ. ತೋಡರು ಯಾವತ್ತೂ ಬಹಳ ಕಮ್ಮಿ ಜನ, ಅವರ ಎಮ್ಮೆ ಮೇಯುತ್ತಿದ್ದ ನೆಲ ಬಹಳ ದೊಡ್ಡದು. ಅಷ್ಟು ಕಮ್ಮಿ ಜನ ಅಷ್ಟು ದೊಡ್ಡ ನೆಲವನ್ನ ಬಾಯಲ್ಲೇ ಹಿಡಿದಿಟ್ಟುಕೊಂಡಿದ್ದರು. ಪಹಣಿ ಇಲ್ಲ, ಪಟ್ಟಾ ಇಲ್ಲ, ಹಾಡು ಇತ್ತು. ಕಲೆಕ್ಟರ್ ಕಚೇರಿಯಲ್ಲಿ ಹಾಡು ದಾಖಲೆಯಾಗಿ ನಡೆಯೋದಿಲ್ಲ ಅನ್ನೋದು ಬೇರೆ ಮಾತು.

ಈಗ ನನ್ನ ತಪ್ಪು. ಕೆಲವು ವರ್ಷದ ಹಿಂದೆ ಒಂದು ಪಟ್ಟಣದಲ್ಲಿ ಜಾನಪದ ಕಾರ್ಯಕ್ರಮಕ್ಕೆ ಕರೆದಿದ್ದರು. ಇಪ್ಪತ್ತು ನಿಮಿಷ ಅಂತ ಹೇಳಿ, ವೇದಿಕೆ ಹತ್ತುವಾಗ ಎಂಟೇ ನಿಮಿಷ ಅಂದರು. ನಾನು ದಾರಿ ಪೂರ್ತಿ ಬಿಟ್ಟೆ. ಹೊರಟರು, ಹೊಳೆ ದಾಟಿದರು, ಬಂದರು. ಚಪ್ಪಾಳೆ ಜೋರಾಗೇ ಬಂತು, ಶಾಲು ಹೊದಿಸಿದರು. ನಮ್ಮ ಜೊತೆ ಬಂದಿದ್ದ ಹಟ್ಟಿಯ ಒಬ್ಬ ಹೆತ್ತೆ ವಾಪಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಏನಪ್ಪಾ, ಅವರನ್ನ ಬಸ್ಸಿನಲ್ಲಿ ಕರ್ಕೊಂಡು ಬಂದ್ಯಾ?’ ಅಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೂ ಎರಡು ಮೂರು ಕಡೆ ಹಾಗೇ ಹಾಡಿದ್ದೇನೆ, ಎಂಟು ನಿಮಿಷ ಅಂದರೆ ಎಂಟು ನಿಮಿಷ. ಈಗ ಮೊಬೈಲಿನಲ್ಲಿ ಸುತ್ತುವ ಹೊಸ ರೆಕಾರ್ಡುಗಳಲ್ಲಿ ಕೀಬೋರ್ಡು, ಡ್ರಮ್ಮು ಹಾಕಿ ದಾರಿ ಬಿಟ್ಟು ಹಾಡ್ತಾರಲ್ಲ, ಅವರು ನನ್ನಂಥವರಿಂದಲೇ ಕಲಿತದ್ದು. ಕೀಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ದಾರಿ ಇಟ್ಟುಕೊಂಡು ಕೀಬೋರ್ಡು ಬಾರಿಸಲಿ.

ನಮ್ಮ ಹಾಡಿನಲ್ಲೂ ದೋಷ ಇಲ್ಲ ಅಂತ ಅಲ್ಲ. ಅದನ್ನ ಮುಚ್ಚಿಟ್ಟು ಬೇರೆಯವರ ಪುಸ್ತಕಕ್ಕೆ ಮಾತ್ರ ತಕರಾರು ತೆಗೆದರೆ ವಿಮರ್ಶೆ ಆಗೋದಿಲ್ಲ. ಕೆಲವರು ಈ ವಲಸೆಯನ್ನ ಟಿಪ್ಪುವಿನ ಕಾಲಕ್ಕೆ ಹಾಕಿ ಹಾಡ್ತಾರೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. 1603ರಲ್ಲೇ ನಾವು ಇಲ್ಲಿದ್ದೆವು ಅಂದಮೇಲೆ ಅದು ಹೇಗೆ ಸರಿ? ವಿಜಯನಗರ ಬಿದ್ದ ಮೇಲಿನ ಗಲಭೆಯ ಕಾಲ ಅಂತ ತಿಳಿದವರು ಹೇಳ್ತಾರೆ, ಅದು ಲೆಕ್ಕಕ್ಕೆ ಹೊಂದುತ್ತದೆ. ಇದು ಸಣ್ಣ ದೋಷ. ದೊಡ್ಡ ದೋಷ ಬೇರೆ ಇದೆ. ನಮ್ಮ ಹಾಡಿನಲ್ಲಿ ಕುರುಂಬ ಬಂದರೆ ಮಾಟಗಾರನಾಗಿಯೇ ಬರ್ತಾನೆ. ದಾರಿಯಲ್ಲಿ ಹುಲಿಯ ಹಾಗೆ ಅವನೂ ಒಂದು ಭಯ. ಅವನಿಗೆ ಹೆಸರಿಲ್ಲ, ಮನೆ ಇಲ್ಲ, ಮಕ್ಕಳಿಲ್ಲ. ಜೇನು, ಔಷಧಿ ಅವನಿಂದ ತೆಗೆದುಕೊಂಡೆವು, ಬಿತ್ತನೆಗೆ ಅವನ ಕೈ ಬೇಕಾಗಿತ್ತು, ಹಾಡಿನಲ್ಲಿ ಮಾತ್ರ ಭೂತ ಮಾಡಿದೆವು. ಅದು ಹಾಡಿನಲ್ಲೇ ನಿಲ್ಲಲಿಲ್ಲ. ನೂರೈವತ್ತು, ಇನ್ನೂರು ವರ್ಷದ ಹಿಂದೆ ಮಾಟದ ಶಂಕೆಯ ಮೇಲೆ ಕುರುಂಬರನ್ನ ಕೊಂದ ಪ್ರಕರಣಗಳು ಸರಕಾರದ ಕಾಗದಗಳಲ್ಲಿವೆ. ನಮ್ಮವರ ಕೈ ಅದರಲ್ಲಿ ಇತ್ತು. ಜನ ಕಮ್ಮಿ ಇರುವ ಕಡೆ ಒಬ್ಬೊಬ್ಬನ ತೂಕ ಜಾಸ್ತಿ ಅಂತ ಮೇಲೆ ಬರೆದೆ. ಭಯವೂ ಅಷ್ಟೇ ಜಾಸ್ತಿ ಆಗ್ತದೆ ಅಂತ ಇಲ್ಲಿ ಸೇರಿಸಬೇಕು. ಕುವೆಂಪು ಅವರ ಪುಸ್ತಕದಲ್ಲಿ ಹೆಗ್ಗಡೆಗೆ ಎಷ್ಟು ಜಾಗವೋ ಅವನ ಜೀತದಾಳಿಗೂ ಅಷ್ಟೇ ಜಾಗ ಇದೆ. ನಮ್ಮ ಹಾಡಿಗೆ ಆ ಗುಣ ಇಲ್ಲ. ಸಾವಿನ ದಿವಸ ನಾವು ಸತ್ತವರ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಿ ಬಿಡಿಸ್ತೇವಲ್ಲ, ಅಲ್ಲಿ ಗಡಿಕಲ್ಲು ಸರಿಸಿದ ಪಾಪದವರೆಗೆ ಎಲ್ಲ ಬರ್ತದೆ. ಈ ಪಾಪವೂ ಅಲ್ಲಿ ಬರಬೇಕಾಗಿತ್ತು ಅಂತ ನನ್ನ ಅಭಿಪ್ರಾಯ.

ಕೊನೆಗೆ ಇವತ್ತಿನ ಲೆಕ್ಕ. 2001ರಲ್ಲಿ ನಮ್ಮ ನೀಲಗಿರಿ ಜಿಲ್ಲೆಯ ಜನ 7,62,141. 2011ರಲ್ಲಿ 7,35,394. ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಕಮ್ಮಿಯಾಯಿತು. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ 2011ರಲ್ಲಿ ಇಲ್ಲಿ ಮುನ್ನೂರು ಜನವೂ ಇರಲಿಲ್ಲ, ತಮಿಳುನಾಡಿನ ಸರಾಸರಿ ಆಗ 555 ಇತ್ತು. ಸೀಸನ್ನಿನಲ್ಲಿ ಊಟಿ ರಸ್ತೆಯಲ್ಲಿ ಕಾರಿನ ಸಾಲು ನೋಡಿದವರು ಇದನ್ನ ನಂಬೋದಿಲ್ಲ. ಆದರೆ ನಮ್ಮ ಹಟ್ಟಿಯ ಸಾಲುಮನೆಯಲ್ಲಿ ಸಂಜೆ ದೀಪ ಎಣಿಸಿ ನೋಡಿ. ಹಸಿರೆಲೆ ರೇಟು 1990ರ ದಶಕದ ಕೊನೆಯಲ್ಲಿ ಬಿದ್ದದ್ದು ಸರಿಯಾಗಿ ಏಳಲೇ ಇಲ್ಲ, ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಸೇರಿದರು. ಶಂಭು ಒಬ್ಬ ಹೋದದ್ದಕ್ಕೆ ಕಾರಂತರು ಒಂದು ಪುಸ್ತಕ ಬರೆದರು. ಇಲ್ಲಿ ಎಷ್ಟು ಶಂಭುಗಳು! ಗೋಪಾಲಯ್ಯನಿಗೆ ಒಂದು ಸಮಾಧಾನ ಇತ್ತು, ಕಾಡು ಕಡಿದು ತೋಟ ಮಾಡುವ ಕೆಲಸ ಮುಗಿದಿರಲಿಲ್ಲ. ಕೆಲಸ ಇರುವವರೆಗೆ ಮನುಷ್ಯ ನಿಲ್ತಾನೆ. ನಮಗೆ ಈಗ ಹೊಸದಾಗಿ ಕಡಿಯಲಿಕ್ಕೆ ಕಾಡಿಲ್ಲ, ಇರುವುದನ್ನ ಕಡಿಯಬಾರದು ಕೂಡ. ಮೇಷ್ಟ್ರು ಹೇಳಿದ ಒಂಟಿತನ ಕೆಳಬೈಲಿನಲ್ಲಿ ನನಗೆ ಕಾಣಲಿಲ್ಲ, ಇಲ್ಲಿ ಕಾಣ್ತಾ ಇದೆ. ಅಷ್ಟರ ಮಟ್ಟಿಗೆ ಅವರ ಮಾತನ್ನ ಒಪ್ಪಿಕೊಳ್ತೇನೆ.

ಹುಡುಗನ ಸಂಗತಿ ಹೇಳಿ ಮುಗಿಸ್ತೇನೆ. ಸಿಟ್ಟು ಇಳಿದ ಮೇಲೆ ಅವನನ್ನ ಕರೆದು, ಪೂರ್ತಿ ಹಾಡ್ತೇನೆ, ನೀನು ಬೇಕಾದ್ದು ಇಟ್ಟುಕೋ ಅಂದೆ. ಒಂದು ಗಂಟೆ ಹತ್ತು ನಿಮಿಷ ಬಂತು. ಅವನು ಮೊಬೈಲಿನಲ್ಲಿ ಮ್ಯಾಪು ತೆಗೆದು ಒಂದೊಂದು ಹೆಸರಿಗೂ ‘ಇದೆಲ್ಲಿ ಹೆತ್ತಪ್ಪ?’ ಅಂತ ಕೇಳಿದ. ಹನ್ನೊಂದು ಹೆಸರಿಗೆ ನನಗೂ ಜಾಗ ಗೊತ್ತಿಲ್ಲ. ಅಷ್ಟು ವರ್ಷ ಹಾಡಿದ್ದೇನೆ, ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನ ಕೇಳಿಕೊಂಡಿರಲಿಲ್ಲ. ಗೊತ್ತಿದ್ದ ಒಂದು ಹಳ್ಳ ತೋರಿಸೋಣ ಅಂತ ಭಾನುವಾರ ಇಬ್ಬರೂ ಹೋದೆವು. ಬೇಸಿಗೆಯಲ್ಲೂ ಬತ್ತೋದಿಲ್ಲ ಅಂತ ಹಾಡಿನಲ್ಲಿ ಬರುವ ಹಳ್ಳ ಅದು. ಈಗ ಎರಡು ಟೀ ತೋಟದ ನಡುವೆ ಸಿಮೆಂಟು ಪೈಪಿನೊಳಗೆ ಹೋಗ್ತದೆ. ನೀರು ಇತ್ತು, ಸಣ್ಣಗೆ. ಅಲ್ಲಿ ಎಲೆ ಕ್ಯುತ್ತಿದ್ದ ಒಬ್ಬ ಹೆಂಗಸನ್ನ ಈ ಹಳ್ಳಕ್ಕೆ ಏನಂತೀರಿ ಅಂತ ಕೇಳಿದೆ. ಅವರ ತಂದೆ ತಾಯಿ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದವರು. ಅವರು ತಮಿಳಿನಲ್ಲಿ ಬೇರೆಯೇ ಹೆಸರು ಹೇಳಿದರು. ಅವರ ಅಮ್ಮ ಇಟ್ಟ ಹೆಸರಂತೆ. ಬಂದ ಹೊಸದರಲ್ಲಿ ಇಲ್ಲೇ ಬಟ್ಟೆ ಒಗೆಯುತ್ತಿದ್ದರಂತೆ.

ಹುಡುಗ ದಾರಿಯಲ್ಲಿ ಕೇಳಿದ: ‘ಈ ಹೆಸರನ್ನೂ ಹಾಡಿಗೆ ಹಾಕ್ತೀರಾ ಹೆತ್ತಪ್ಪ?’

ಹಾಕಿ ನೋಡಿದೆ. ಜೋಡಿ ಮಾತಿನಲ್ಲಿ ಎರಡನೆಯ ಕಡೆಗೆ ಅದು ಕೂರಬಹುದು. ಒಂದಕ್ಷರ ಜಾಸ್ತಿ ಬರ್ತದೆ. ಸಂಜೆ ಹಸುವಿಗೆ ಹುಲ್ಲು ಹಾಕುವಾಗ ಹಾಡಿ ಹಾಡಿ ನೋಡ್ತಾ ಇದ್ದೇನೆ.